ನೊರೆಯ ಆಯ್ಕೆ: ಕ್ಷೌರದ ಸಾಬೂನೂ ನಮ್ಮೂರಿನ ನೀರೂ

ಕಳೆದ ಬೇಸಗೆಯಲ್ಲಿ ಬಂಧುಗಳ ಮನೆಯ ಮದುವೆಗೆಂದು ನಾವು ಬಳ್ಳಾರಿಯಿಂದ ಕುರುಗೋಡಿಗೆ ಹೋಗಿದ್ದೆವು. ವಿದೇಶದಿಂದ ಮರಳಿದ ಮಿತ್ರರೊಬ್ಬರು ಕೊಟ್ಟಿದ್ದ ಕ್ಷೌರದ ಸಾಬೂನು ನಮ್ಮ ಕೈಚೀಲದಲ್ಲಿತ್ತು. ನುಣುಪಾದ ಮರದ ಬಟ್ಟಲು, ಅದರೊಳಗೆ ದಂತದ ಬಣ್ಣದ ಬಿಲ್ಲೆ, ಮುಚ್ಚಳ ತೆಗೆದೊಡನೆ ಹರಡುವ ಶ್ರೀಗಂಧದ ಪರಿಮಳ. ಅದರ ಬೆಲೆಯನ್ನು ಮಾತ್ರ ನಾವು ಮನೆಯಲ್ಲಿ ಹೇಳಿರಲಿಲ್ಲ. ಮುಹೂರ್ತದ ದಿನ ಬೆಳಗಿನ ಜಾವ ಕೊಳವೆಬಾವಿಯ ನೀರನ್ನು ಲೋಟದಲ್ಲಿ ತುಂಬಿಕೊಂಡು, ಕುಂಚವನ್ನು ನೆನೆಸಿ, ಬಿಲ್ಲೆಯ ಮೇಲೆ ಎಷ್ಟು ತಿರುವಿದರೂ ನೊರೆ ಏಳಲೊಲ್ಲದು. ಎದ್ದದ್ದು ಒಡೆದ ಹಾಲಿನಂತಹ ಬಿಳಿಯ ಚೂರುಗಳು. ಕೆನ್ನೆಗೆ ಬಳಿದರೆ ನಿಮಿಷದೊಳಗೆ ಒಣಗಿ ಬಿರಿಯಿತು. ಹೊತ್ತು ಮೀರುತ್ತಿದ್ದುದರಿಂದ ಸಿಟ್ಟಿನಲ್ಲಿಯೇ ಕತ್ತಿಯನ್ನು ಎಳೆದೆವು. ಬಡವನ ಕೋಪ ದವಡೆಗೆ ಮೂಲ ಎಂಬ ಗಾದೆ ಅಂದು ಅಕ್ಷರಶಃ ನಿಜವಾಯಿತು. ಮದುವೆಯ ಭಾವಚಿತ್ರಗಳಲ್ಲಿ ನಮ್ಮ ದವಡೆಯ ಮೇಲಿನ ಹತ್ತಿಯ ತುಣುಕು ಇಂದಿಗೂ ಕಾಣುತ್ತಿದೆ.

ನಾಲ್ಕು ದಿನಗಳ ತರುವಾಯ ಕೆಲಸದ ನಿಮಿತ್ತ ಸಿರುಗುಪ್ಪಕ್ಕೆ ಹೋದಾಗ ಅಲ್ಲಿಯ ಒಂದು ಸಣ್ಣ ಕ್ಷೌರದಂಗಡಿಯಲ್ಲಿ ಕುಳಿತೆವು. ಅಂಗಡಿಯವರು ಸಾಧಾರಣ ಬೆಲೆಯ ಕೊಳವೆಯಿಂದ ಬಟಾಣಿಯಷ್ಟು ಲೇಪವನ್ನು ಕುಂಚಕ್ಕೆ ಹಚ್ಚಿ ಕೆನ್ನೆಯ ಮೇಲೆ ತಿರುವಿದರು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕೆನೆಮೊಸರಿನಂತಹ ದಟ್ಟ ನೊರೆ ಎದ್ದು ನಿಂತಿತು! ನಮ್ಮ ದುಬಾರಿ ಸಾಬೂನಿನ ಕಥೆಯನ್ನು ಹೇಳಿದಾಗ ಅವರು ನಕ್ಕು, ‘ಬೋರಿನ ನೀರಿಗೆ ನೊರಿ ಏಳಂಗಿಲ್ಲ ಸಾರ್, ನಾನು ಕಾಲುವಿ ನೀರು ಕೊಡದಾಗ ಹಿಡಿದಿಟ್ಟೀನಿ’ ಎಂದರು. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಆ ಮಾತು ಸ್ವಲ್ಪ ನಾಚಿಕೆಯನ್ನೂ ಬಹಳಷ್ಟು ಕುತೂಹಲವನ್ನೂ ತಂದಿತು. ಶ್ರೇಷ್ಠವಾದ ಕ್ಷೌರದ ಸಾಬೂನು ಯಾವುದು ಎಂಬ ಪ್ರಶ್ನೆಗೆ ಅಂಗಡಿಯ ಬೆಲೆಪಟ್ಟಿಯಲ್ಲಿ ಉತ್ತರವಿಲ್ಲವೆಂದು ಅಂದೇ ಹೊಳೆಯಿತು. ಮೊದಲ ಬಾರಿಗೆ ಮೀಸೆ ಚಿಗುರುತ್ತಿರುವ ನಮ್ಮ ವಿದ್ಯಾರ್ಥಿ ಮಿತ್ರರು ತಿಂಗಳ ಖರ್ಚಿನ ಹಣವನ್ನು ಚೆಂದದ ಡಬ್ಬಿಗಳ ಮೇಲೆ ಸುರಿಯುವ ಮುನ್ನ ಈ ವಿಷಯವನ್ನು ಕೊಂಚ ವಿಚಾರಿಸುವುದು ಲೇಸು.

ಕೂದಲಿಗೆ ಬೇಕಾದುದು ನೀರು

ಮೊದಲು ಕೂದಲಿನ ಸ್ವಭಾವವನ್ನು ತಿಳಿಯೋಣ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಅದರ ಉದ್ದನೆಯ ಅಣುಗಳನ್ನು ಒಂದಕ್ಕೊಂದು ಹಿಡಿದಿರುವ ಬಂಧಗಳಲ್ಲಿ ಜಲಜನಕದ ಬಂಧಗಳೂ ಉಂಟು. ನೀರಿನ ಅಣುಗಳು ಒಳಹೊಕ್ಕಾಗ ಇವು ಸಡಿಲಗೊಂಡು ಕೂದಲು ಮೆತ್ತಗಾಗುವುದು. ಪೂರ್ಣವಾಗಿ ನೆನೆದ ಕೂದಲು ತನ್ನ ತೂಕದ ಶೇಕಡ 30ರಷ್ಟು ನೀರನ್ನು ಹೀರಬಲ್ಲದು. ಆಗ ಅದರ ವ್ಯಾಸ ಶೇಕಡ 14ರಷ್ಟು ಹಿಗ್ಗಿದರೂ ಉದ್ದ ಬೆಳೆಯುವುದು ಶೇಕಡ 1 ಅಥವಾ 2ರಷ್ಟು ಮಾತ್ರ. ಹೀಗೆ ನೆನೆದ ಕೂದಲನ್ನು ಕತ್ತರಿಸಲು ಒಣಕೂದಲಿಗಿಂತ ಬಹಳ ಕಡಿಮೆ ಬಲ ಸಾಕು. ಆದರೆ ನೆನೆಯುವುದು ಒಂದು ಕ್ಷಣದ ಕೆಲಸವಲ್ಲ. ಬೆಚ್ಚಗಿನ ನೀರಿನಲ್ಲಿಯೂ ಎರಡು ಮೂರು ನಿಮಿಷ ಬೇಕು. ಕೂದಲಿನ ಮೇಲಿನ ಜಿಡ್ಡು ನೀರನ್ನು ತಡೆಯುವುದರಿಂದ ಮೊದಲು ಅದು ಹೋಗಬೇಕು.

ಇಷ್ಟು ಮೃದುವಾದ ವಸ್ತುವು ಉಕ್ಕಿನ ಅಲಗನ್ನು ಹೇಗೆ ಮೊಂಡುಗೊಳಿಸುವುದೆಂಬ ಸಂದೇಹ ಏಳುವುದು ಸಹಜ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ರೊಶ್ಯೋಲಿ, ತಾಸಾನ್ ಮೊದಲಾದವರು 2020ರಲ್ಲಿ ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ನೋಡಿದರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಕತ್ತರಿಸಿಕೊಳ್ಳುವಾಗ ಅದು ಬಾಗಿ ಅಲಗಿನ ಅಂಚನ್ನು ಓರೆಯಾಗಿ ಒತ್ತಿದರೆ, ಉಕ್ಕಿನ ರಚನೆ ಏಕರೂಪವಾಗಿರದ ಕಡೆಗಳಲ್ಲಿ ಅಂಚು ಚಕ್ಕೆಯೇಳುವುದನ್ನು ಅವರು ಕಂಡರು. ಒಂದು ಕೂದಲು ಮಾಡುವ ಗಾಯ ಕಣ್ಣಿಗೆ ಕಾಣದು. ಕೆಲವು ದಿನಗಳಲ್ಲಿ ಅದು ನಮ್ಮ ಕೆನ್ನೆಗೆ ತಿಳಿಯುವುದು.

ಆದುದರಿಂದ ಕ್ಷೌರದ ನೊರೆಗೆ ಮೂರು ಕೆಲಸಗಳಿವೆ. ಜಿಡ್ಡನ್ನು ತೆಗೆಯುವುದು ಒಂದು. ನೀರನ್ನು ಹರಿದುಹೋಗಗೊಡದೆ ಕೂದಲಿಗೆ ಅಂಟಿಸಿ ಹಿಡಿಯುವುದು ಎರಡು. ಅಲಗು ಚರ್ಮದ ಮೇಲೆ ಜಾರುವಂತೆ ನಡುವೆ ಜಾರುಪದರವಾಗಿರುವುದು ಮೂರು. ಬರಿಯ ನೀರು ಮೊದಲನೆಯದನ್ನೂ ಎರಡನೆಯದನ್ನೂ ಮಾಡಲಾರದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸನ್ನು ದಾಟುವ ಬಳ್ಳಾರಿಯ ಒಣಗಾಳಿಯಲ್ಲಿ ಎರಡನೆಯ ಕೆಲಸವೇ ಮುಖ್ಯವಾದುದು. ಉತ್ತಮ ಲೇಪಗಳಲ್ಲಿ ಗ್ಲಿಸರಿನನ್ನು ಸೇರಿಸುವುದು ಈ ಕಾರಣದಿಂದಲೇ. ಅದು ನೀರಿನ ಅಣುಗಳನ್ನು ತನ್ನತ್ತ ಸೆಳೆದಿಟ್ಟುಕೊಂಡು ನೊರೆ ಬೇಗನೆ ಆರದಂತೆ ಕಾಯುವುದು.

ನೊರೆಯ ಒಳಗೆ

ಕೊಬ್ಬು ಅಥವಾ ಎಣ್ಣೆಯು ಕ್ಷಾರದೊಡನೆ ಸೇರಿದಾಗ ಸಾಬೂನೂ ಗ್ಲಿಸರಿನೂ ಉಂಟಾಗುವುವು. ಇದರ ಮರ್ಮವನ್ನು ಬಿಡಿಸಿದವನು ಫ್ರೆಂಚ್ ರಸಾಯನಜ್ಞ ಶೆವ್ರಲ್. ಅವನ ಗ್ರಂಥ 1823ರಲ್ಲಿ ಹೊರಬಿತ್ತು. ಸಾಬೂನಿನ ಅಣುವಿಗೆ ನೀರನ್ನು ಪ್ರೀತಿಸುವ ತಲೆಯೂ ನೀರನ್ನು ದ್ವೇಷಿಸುವ ಇಂಗಾಲದ ಉದ್ದನೆಯ ಬಾಲವೂ ಇರುವುವು. ಬಾಲವನ್ನು ಗಾಳಿಯತ್ತ ಚಾಚಿ ಈ ಅಣುಗಳು ನೀರಿನ ಮೇಲ್ಮೈಯಲ್ಲಿ ಸಾಲುಗಟ್ಟಿ ನಿಂತಾಗ, ಮೀಟರಿಗೆ ಸುಮಾರು 72 ಮಿಲಿನ್ಯೂಟನ್ ಇದ್ದ ನೀರಿನ ಮೇಲ್ಮೈ ಎಳೆತವು 30ರ ಆಸುಪಾಸಿಗೆ ಇಳಿಯುವುದು. ಆಗ ತೆಳುಪೊರೆಗಳು ಹರಿಯದೆ ನಿಲ್ಲಬಲ್ಲವು. ಅಂತಹ ಲಕ್ಷಾಂತರ ಪೊರೆಗಳ ನಡುವೆ ಗಾಳಿಯನ್ನು ಸೆರೆಹಿಡಿದರೆ ಅದೇ ನೊರೆ.

ಎಲ್ಲ ನೊರೆಯೂ ಒಂದೇ ಅಲ್ಲ. ಗುಳ್ಳೆಯೊಳಗಿನ ಹೆಚ್ಚುವರಿ ಒತ್ತಡವು ಅದರ ತ್ರಿಜ್ಯಕ್ಕೆ ವಿಲೋಮಾನುಪಾತದಲ್ಲಿರುವುದೆಂದು ಪಾಠದಲ್ಲಿ ಓದಿರುವಿರಷ್ಟೆ. ಎರಡು ಮೇಲ್ಮೈಗಳುಳ್ಳ ಪೊರೆಯ ಗುಳ್ಳೆಯ ತ್ರಿಜ್ಯ 1 ಮಿಲಿಮೀಟರ್ ಇದ್ದರೆ ಈ ಒತ್ತಡ 120 ಪ್ಯಾಸ್ಕಲ್. ತ್ರಿಜ್ಯ ಅದರ ಇಪ್ಪತ್ತನೆಯ ಒಂದು ಪಾಲಾದರೆ 2,400 ಪ್ಯಾಸ್ಕಲ್. ಆದ್ದರಿಂದ ಚಿಕ್ಕ ಗುಳ್ಳೆಯ ಗಾಳಿ ಪೊರೆಯನ್ನು ಹಾಯ್ದು ನೆರೆಯ ದೊಡ್ಡ ಗುಳ್ಳೆಗೆ ನುಸುಳುತ್ತಲೇ ಇರುವುದು. ಚಿಕ್ಕದು ಕರಗಿ ದೊಡ್ಡದು ಬೆಳೆಯುವುದು. ನೊರೆ ಒರಟಾಗಿ ನೀರು ಕೆಳಗಿಳಿಯುವುದು. ಗುಳ್ಳೆಗಳೆಲ್ಲ ಸಣ್ಣವೂ ಸಮಾನ ಗಾತ್ರದವೂ ಆಗಿದ್ದರೆ ಈ ಅನ್ಯಾಯ ನಿಧಾನವಾಗುವುದು. ಕುಂಚದಿಂದ ತಾಳ್ಮೆಯಾಗಿ ತಿರುವುವುದರ ಅರ್ಥ ಇದೇ: ಪ್ರತಿಯೊಂದು ಸುತ್ತಿನಲ್ಲಿಯೂ ಸಾವಿರಾರು ಎಳೆಗಳು ದೊಡ್ಡ ಗುಳ್ಳೆಗಳನ್ನು ಸೀಳಿ ಚಿಕ್ಕವನ್ನಾಗಿಸುವುವು.

ಯಾವ ಎಣ್ಣೆಯಿಂದ ಸಾಬೂನು ಹುಟ್ಟಿತೆಂಬುದೂ ಇಲ್ಲಿ ಗಣನೆಗೆ ಬರುವುದು. ಕೊಬ್ಬರಿ ಎಣ್ಣೆಯಲ್ಲಿ ಪ್ರಧಾನವಾದ ಲಾರಿಕ್ ಆಮ್ಲಕ್ಕೆ 12 ಇಂಗಾಲದ ಪರಮಾಣುಗಳ ಬಾಲ. ಅದರ ಸಾಬೂನು ಬೇಗ ಕರಗಿ ದೊಡ್ಡ ಗುಳ್ಳೆಗಳನ್ನು ಕೊಡುವುದು, ಬೇಗ ಆರುವುದು, ಹೆಚ್ಚಾದರೆ ಚರ್ಮವನ್ನು ಒಣಗಿಸುವುದು. ಸ್ಟಿಯರಿಕ್ ಆಮ್ಲಕ್ಕೆ 18 ಇಂಗಾಲಗಳ ಬಾಲ. ಅದರ ಸಾಬೂನು ಏಳುವುದು ನಿಧಾನ, ಆದರೆ ಗುಳ್ಳೆಗಳು ಸಣ್ಣವು, ಪೊರೆ ಗಟ್ಟಿ, ಆಯುಸ್ಸು ದೀರ್ಘ. ಜೊತೆಗೆ ಸೋಡಿಯಂ ಸಾಬೂನು ಗಡಸಾಗಿಯೂ ಪೊಟ್ಯಾಸಿಯಂ ಸಾಬೂನು ಮೆದುವಾಗಿ ಹೆಚ್ಚು ಕರಗುವಂತೆಯೂ ಇರುವುದು. ಆದುದರಿಂದ ಕ್ಷೌರಲೇಪವನ್ನು ತಯಾರಿಸುವವರು ಬಹುಪಾಲು ಸ್ಟಿಯರಿಕ್ ಆಮ್ಲಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆಯನ್ನು ಕೂಡಿಸಿ, ಪೊಟ್ಯಾಸಿಯಂ ಕ್ಷಾರವನ್ನು ಹೆಚ್ಚಾಗಿಯೂ ಸೋಡಿಯಂ ಕ್ಷಾರವನ್ನು ಕಡಿಮೆಯಾಗಿಯೂ ಬಳಸುವರು. ಹತ್ತು ರೂಪಾಯಿಯ ಕೊಳವೆಯಾಗಲಿ ಸಾವಿರ ರೂಪಾಯಿಯ ಬಟ್ಟಲಾಗಲಿ, ಮೂಲಸೂತ್ರ ಬಹುಮಟ್ಟಿಗೆ ಇದೇ.

ಮೂರು ಊರುಗಳ ನೀರು

ಹಾಗಾದರೆ ಕುರುಗೋಡಿನಲ್ಲಿ ನಮ್ಮ ಸಾಬೂನು ಏಕೆ ಸೋತಿತು? ಕಾಲೇಜು ತೆರೆದ ಮೇಲೆ ವಿದ್ಯಾರ್ಥಿಗಳೊಡನೆ ಒಂದು ಸರಳ ಪ್ರಯೋಗವನ್ನು ಮಾಡಿದೆವು. ಆ ಬಿಲ್ಲೆಯಿಂದ ಹೆರೆದ ಚೂರನ್ನು ಬಟ್ಟಿಯಿಳಿಸಿದ ನೀರಿನಲ್ಲಿ ಕರಗಿಸಿಕೊಂಡೆವು. ನಾಲ್ಕು ಪ್ರನಾಳಗಳಲ್ಲಿ ಬಟ್ಟಿಯಿಳಿಸಿದ ನೀರು, ಸಿರುಗುಪ್ಪದ ಕಾಲುವೆಯ ನೀರು, ಬಳ್ಳಾರಿಯ ನಮ್ಮ ಮನೆಯ ನಲ್ಲಿನೀರು, ಆ ಮದುವೆಮನೆಯ ಕೊಳವೆಬಾವಿಯ ನೀರು ಇವುಗಳನ್ನು ಸಮನಾಗಿ ಹೊಯ್ದು, ಸಾಬೂನಿನ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಕುಲುಕಿದೆವು. ಎರಡು ನಿಮಿಷ ನಿಲ್ಲುವ ನೊರೆ ಬರಲು ಎಷ್ಟು ಹನಿ ಬೇಕೆಂಬುದೇ ಪರೀಕ್ಷೆ. ಬಟ್ಟಿಯಿಳಿಸಿದ ನೀರು ಮೊದಲು ನೊರೆಗಟ್ಟಿತು. ಕಾಲುವೆಯ ನೀರೂ ನಲ್ಲಿಯ ನೀರೂ ಹೆಚ್ಚು ಹಿಂದುಳಿಯಲಿಲ್ಲ. ಕೊಳವೆಬಾವಿಯ ನೀರಾದರೋ ಹಲವು ಪಟ್ಟು ಹನಿಗಳನ್ನು ನುಂಗಿ, ಅದೇ ಪರಿಚಿತ ಬಿಳಿಯ ಚೂರುಗಳನ್ನು ತೇಲಿಸಿತು. ಅದನ್ನು ಕುದಿಸಿ ಆರಿಸಿ ಸೋಸಿದಾಗ ಸ್ವಲ್ಪ ಸುಧಾರಿಸಿತೇ ಹೊರತು ಪೂರ್ತಿ ಗುಣವಾಗಲಿಲ್ಲ.

ಕಾರಣ ಸ್ಪಷ್ಟ. ತುಂಗಭದ್ರೆಯ ನೀರು ಮಲೆನಾಡಿನ ಮಳೆಯಿಂದ ಬಂದು ಜಲಾಶಯದಲ್ಲಿ ನಿಂತು ಕಾಲುವೆಯಲ್ಲಿ ಹರಿಯುವುದು. ಬಂಡೆಗಳೊಡನೆ ಅದರ ಸಹವಾಸ ಕಡಿಮೆ. ಕುರುಗೋಡಿನ ಬೆಟ್ಟಗಳ ಸುತ್ತಣ ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನೆಲೆಸಿದ ಅಂತರ್ಜಲವು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುವುದು. ಒಂದೇ ಬಾವಿಯಿಂದ ಇಡೀ ಊರನ್ನು ಅಳೆಯಲಾಗದೆಂಬುದನ್ನೂ ಇಲ್ಲಿ ನೆನಪಿಡಬೇಕು. ನೂರು ಗಜದಾಚೆಯ ಬಾವಿಯ ಗುಣ ಬೇರೆಯಾಗಿರಬಹುದು. ಕ್ಯಾಲ್ಸಿಯಂ ಅಯಾನು ಎರಡು ಸಾಬೂನಿನ ಅಣುಗಳನ್ನು ಹಿಡಿದು ಕರಗದ ಲವಣವನ್ನಾಗಿಸುವುದು. ಕುದಿಸಿದರೆ ಬೈಕಾರ್ಬೊನೇಟಿನಿಂದಾದ ತಾತ್ಕಾಲಿಕ ಗಡಸುತನ ಮಾತ್ರ ಹೋಗುವುದು; ಸಲ್ಫೇಟ್, ಕ್ಲೋರೈಡುಗಳಿಂದಾದುದು ಉಳಿಯುವುದು.

ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡೋಣ. ಕುಡಿಯುವ ನೀರಿನ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮವಾಗಿರುವುದು ಲೇಸೆಂದೂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹ್ಯವೆಂದೂ ಭಾರತೀಯ ಮಾನಕ ಹೇಳುವುದು. ನಮ್ಮ ನೀರಿನದು 500 ಎಂದಿಟ್ಟುಕೊಳ್ಳೋಣ. ಅಂತಹ ಒಂದು ಲೀಟರ್ ನೀರು ಸುಮಾರು 3 ಗ್ರಾಂ ಸಾಬೂನನ್ನು ನಿಷ್ಫಲಗೊಳಿಸುವುದು. ಆದರೆ ಕೆನ್ನೆಯ ನೊರೆಗೆ ಬೇಕಾಗುವ ನೀರು 20 ಮಿಲಿಲೀಟರ್ ಮಾತ್ರ. ಅದು ನುಂಗುವುದು 60 ಮಿಲಿಗ್ರಾಂ; ಅಂದರೆ ಒಂದು ಗ್ರಾಮಿನ ಹದಿನಾರನೆಯ ಒಂದು ಪಾಲು! ಇಷ್ಟು ಅಲ್ಪ ನಷ್ಟಕ್ಕೆ ನೊರೆಯೇ ಏಳದಿರುವುದುಂಟೆ?

ನಾವೂ ಇಲ್ಲಿ ಸ್ವಲ್ಪ ಹೊತ್ತು ತೊಡಕಿಗೆ ಸಿಕ್ಕಿದೆವು. ಉತ್ತರ ಎರಡು ಕಡೆ ಇತ್ತು. ಮೊದಲನೆಯದಾಗಿ, ದುಬಾರಿ ಬಿಲ್ಲೆಗಳನ್ನು ಉರುಳೆಗಳ ನಡುವೆ ಮತ್ತೆ ಮತ್ತೆ ಅರೆದು ಒತ್ತಿರುವರು. ಅವುಗಳಲ್ಲಿ ನೀರಿನಂಶ ಕಡಿಮೆ, ಸಾಬೂನು ದಟ್ಟ. ಅವಸರದಲ್ಲಿ ನಾಲ್ಕು ಸುತ್ತು ತಿರುವಿದರೆ ಕುಂಚಕ್ಕೆ ಬರುವ ಸಾಬೂನೇ ಅತ್ಯಲ್ಪ; ಅದರಲ್ಲಿ 60 ಮಿಲಿಗ್ರಾಂ ಹೋದರೆ ಉಳಿಯುವುದೇನು? ಎರಡನೆಯದಾಗಿ, ಹುಟ್ಟಿದ ಕ್ಯಾಲ್ಸಿಯಂ ಸಾಬೂನಿನ ಕಣಗಳು ಸುಮ್ಮನೆ ಕೂರುವುದಿಲ್ಲ. ನೀರನ್ನು ದೂರ ತಳ್ಳುವ ಆ ಕಣಗಳು ತೆಳುಪೊರೆಯ ಎರಡು ಮೈಗಳಿಗೂ ತಾಗಿ ಅದನ್ನು ಹರಿದುಬಿಡುವುವು. ಅವು ಸಾಬೂನನ್ನು ಕದಿಯುವುದಷ್ಟೇ ಅಲ್ಲದೆ ಉಳಿದ ನೊರೆಯನ್ನೂ ಕೆಡಿಸುವುವು. ಸಿರುಗುಪ್ಪದ ಕೊಳವೆಯ ಲೇಪದಲ್ಲಿ ಸಾಬೂನು ಮೊದಲೇ ನೀರುಂಡು ಸಿದ್ಧವಾಗಿತ್ತು, ನೀರೂ ಮೆದುವಾಗಿತ್ತು.

ಪರಿಹಾರವೂ ಅಗ್ಗವೇ. ಊರೂರಿನಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಸೂಕ್ಷ್ಮಪೊರೆಯ ಮೂಲಕ ಒತ್ತಿ ತೆಗೆದ ಆ ನೀರಿನಲ್ಲಿ ಲವಣಗಳು ಬಹುಮಟ್ಟಿಗೆ ಇರವು. ಅದರಲ್ಲಿ ಅರ್ಧ ಲೋಟ ನೀರನ್ನು ಬೆಚ್ಚಗೆ ಮಾಡಿ, ಬಿಲ್ಲೆಯನ್ನು ಎರಡು ನಿಮಿಷ ನೆನೆಸಿ, ಕುಂಚವನ್ನು ಅರ್ಧ ನಿಮಿಷವಾದರೂ ತಿರುವಿದರೆ ಸಾಕು. ಹೀಗೆ ಮಾಡಿದಾಗ ಕುರುಗೋಡಿನಲ್ಲಿ ನಮ್ಮನ್ನು ಅಣಕಿಸಿದ ಅದೇ ಸಾಬೂನು ಬೆಣ್ಣೆಯಂತಹ ನೊರೆಯನ್ನು ಕೊಟ್ಟಿತು. ನಾವು ಮನಸ್ಸಿನಲ್ಲಿಯೇ ಅದರ ಕ್ಷಮೆಯನ್ನು ಕೇಳಿದೆವು. ಮಳೆಗಾಲದಲ್ಲಿ ಮಾಳಿಗೆಯ ನೀರು ದೊರೆತರೆ ಇನ್ನೂ ಒಳ್ಳೆಯದು.

ತೌಡಿನೊಳಗಿನ ಸಂಪತ್ತು

ಸಿರುಗುಪ್ಪದ ಹೆಸರು ಕೇಳಿದೊಡನೆ ನೆನಪಾಗುವುದು ಕಾಲುವೆಯ ಬತ್ತ, ಅಕ್ಕಿಯ ಗಿರಣಿಗಳು. ಅಕ್ಕಿಯನ್ನು ಪಾಲಿಷ್ ಮಾಡುವಾಗ ಉದುರುವ ತೌಡಿನಲ್ಲಿ ಶೇಕಡ 15ರಿಂದ 20ರಷ್ಟು ಎಣ್ಣೆಯಿರುವುದು. ಇದರಲ್ಲಿ ಹೆಚ್ಚಿನವು ಓಲಿಯಿಕ್ ಮತ್ತು ಲಿನೋಲಿಯಿಕ್ ಆಮ್ಲಗಳು. ಇವೆರಡಕ್ಕೂ ಬಾಲದಲ್ಲಿ 18 ಇಂಗಾಲಗಳೇ ಇವೆ. ಆದರೆ ಒಂದೊ ಎರಡೊ ಕಡೆ ದ್ವಿಬಂಧವಿರುವುದರಿಂದ ಬಾಲ ಮಣಿದಿದೆ, ಸಾಬೂನು ಮೆತ್ತಗಾಗುವುದು. ನಿಕ್ಕಲ್ ಲೋಹದ ಸಾನ್ನಿಧ್ಯದಲ್ಲಿ ಜಲಜನಕವನ್ನು ಹಾಯಿಸಿದರೆ ದ್ವಿಬಂಧಗಳು ತುಂಬಿ ಬಾಲ ನೆಟ್ಟಗಾಗುವುದು. ಆಗ ದೊರೆಯುವುದು ಬೇರಾವುದೂ ಅಲ್ಲ, ಕ್ಷೌರದ ಸಾಬೂನಿನ ಜೀವಾಳವಾದ ಸ್ಟಿಯರಿಕ್ ಆಮ್ಲ. ಎಮ್ಮೆಗೆ ತಿನ್ನಿಸುವ ತೌಡಿನಲ್ಲಿ ಲಂಡನ್ನಿನ ಬಟ್ಟಲಿನ ಸಾರವಿದೆಯೆಂದರೆ ಅತಿಶಯವಲ್ಲ. ಪ್ರಾಣಿಯ ಕೊಬ್ಬನ್ನು ಒಲ್ಲದವರು ಲೇಬಲಿನ ಮೇಲೆ ಟ್ಯಾಲೋವೇಟ್ ಎಂಬ ಪದವಿದೆಯೆ ಎಂದು ನೋಡಬೇಕು. ಇದ್ದರೆ ಅದು ಪ್ರಾಣಿಯ ಕೊಬ್ಬಿನಿಂದಾದುದು. ಸಸ್ಯಮೂಲದ ಸ್ಟಿಯರಿಕ್ ಆಮ್ಲವೂ ಗುಣದಲ್ಲಿ ಅದೇ ಅಣು.

ಗಂಧದ ಬೆಲೆ

ಹಾಗಾದರೆ ಹೆಚ್ಚು ಹಣವನ್ನು ನಾವು ಯಾವುದಕ್ಕೆ ಕೊಡುವೆವು? ಅರೆದು ದಟ್ಟಗೊಳಿಸಿದ ಬಿಲ್ಲೆ ಹೆಚ್ಚು ಕಾಲ ಬಾಳುವುದೆಂಬುದು ನಿಜ. ಒಂದು ಕ್ಷೌರಕ್ಕೆ 1 ಗ್ರಾಂ ಎಂದುಕೊಂಡರೆ 100 ಗ್ರಾಮಿನ ಬಿಲ್ಲೆ 100 ಬೆಳಗುಗಳಿಗೆ ಸಾಕು. ಬೆಲೆಯನ್ನು ನೂರರಿಂದ ಭಾಗಿಸಿ ನೋಡಿದರೆ ಕೆಲವೊಮ್ಮೆ ದುಬಾರಿಯೂ ಅಗ್ಗವಾಗಿ ಕಾಣುವುದು. ಉಳಿದುದು ಬಟ್ಟಲು, ಹೆಸರು, ಮುಖ್ಯವಾಗಿ ಪರಿಮಳ. 1805ರಲ್ಲಿ ಆರಂಭವಾದ ಲಂಡನ್ನಿನ ಟ್ರೂಫಿಟ್ ಅಂಡ್ ಹಿಲ್, 1854ರ ಟೇಲರ್ ಆಫ್ ಓಲ್ಡ್ ಬಾಂಡ್ ಸ್ಟ್ರೀಟ್ ಮೊದಲಾದ ಮನೆತನಗಳು ಇಂದಿಗೂ ಮೆರೆಸುವ ಪರಿಮಳಗಳಲ್ಲಿ ಶ್ರೀಗಂಧವೊಂದು.

ಈ ಗಂಧದ ಕಥೆ ನಮ್ಮದೇ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಮರ ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ಮಾರುಕಟ್ಟೆ ಮುಚ್ಚಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಿಂದ ಮೈಸೂರು ಸಂಸ್ಥಾನವೇ ಎಣ್ಣೆಯನ್ನು ಭಟ್ಟಿಯಿಳಿಸತೊಡಗಿತು. ಎಣ್ಣೆಯಿಂದ ಸಾಬೂನು ತೆಗೆಯುವ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಕಲಿತು ಬಂದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಸರ್ಕಾರದ ಆ ಉದ್ಯಮವೇ 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವೆಂಬ ಕಂಪೆನಿಯಾಯಿತು. ಬಳ್ಳಾರಿಯು ಅಂದು ಮದರಾಸು ಆಧಿಪತ್ಯದಲ್ಲಿದ್ದು, ಮೈಸೂರಿಗೆ ಸೇರಿದುದು 1953ರಲ್ಲಿ. ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿದದ್ದೂ ಅದೇ ವರ್ಷ.

ಗಂಧದೆಣ್ಣೆಯ ಸುಮಾರು ಅರ್ಧ ಪಾಲು ಆಲ್ಫಾ ಸ್ಯಾಂಟಲಾಲ್, ಐದನೆಯ ಒಂದು ಪಾಲಿನಷ್ಟು ಬೀಟಾ ಸ್ಯಾಂಟಲಾಲ್. ಇವು ಭಾರವಾದ ಅಣುಗಳಾದುದರಿಂದ ಮೆಲ್ಲನೆ ಆವಿಯಾಗಿ ಪರಿಮಳ ಬಹಳ ಹೊತ್ತು ನಿಲ್ಲುವುದು. ಆದರೆ ಪರಿಮಳವು ಕೂದಲನ್ನು ಮೆತ್ತಗಾಗಿಸದು, ಅಲಗನ್ನು ಜಾರಿಸದು. ಕೆಲವರ ಚರ್ಮಕ್ಕೆ ಅದು ಒಗ್ಗುವುದೂ ಇಲ್ಲ. ಬೆಳಗಿನ ಸಂತೋಷಕ್ಕಾಗಿ ಹಣ ತೆರುವುದು ತಪ್ಪಲ್ಲ. ಏನನ್ನು ಕೊಳ್ಳುತ್ತಿರುವೆವೆಂದು ಅರಿತು ತೆರಬೇಕು.

ಆರಿಸುವ ಬಗೆ

ಲೇಬಲಿನಲ್ಲಿ ಘಟಕಗಳು ಹೆಚ್ಚಿನದರಿಂದ ಕಡಿಮೆಯದಕ್ಕೆ ಇಳಿಯುವ ಕ್ರಮದಲ್ಲಿರುವುವು. ಸ್ಟಿಯರಿಕ್ ಆಮ್ಲ ಅಥವಾ ಪೊಟ್ಯಾಸಿಯಂ ಸ್ಟಿಯರೇಟ್ ಮೊದಲ ಎರಡು ಮೂರು ಹೆಸರುಗಳಲ್ಲಿಯೂ, ಗ್ಲಿಸರಿನ್ ಪಟ್ಟಿಯ ಮೇಲರ್ಧದಲ್ಲಿಯೂ ಇದ್ದರೆ ಅಡಿಪಾಯ ಸರಿಯಾಗಿದೆ. ಕೊಳವೆಬಾವಿಯ ನೀರಿನ ಊರಿನವರು ಇಡಿಟಿಎ ಎಂಬ ಹೆಸರನ್ನೂ ಹುಡುಕಬಹುದು. ಅದು ಕ್ಯಾಲ್ಸಿಯಂ ಅಯಾನುಗಳನ್ನು ಇಕ್ಕಳದಂತೆ ಹಿಡಿದು ಸಾಬೂನನ್ನು ಕಾಪಾಡುವುದು. ಸಾಬೂನಿನ ನೊರೆಯ ಪಿಎಚ್ ಸಾಮಾನ್ಯವಾಗಿ 9ರಿಂದ 10. ನಮ್ಮ ಚರ್ಮದ್ದು 5ರ ಆಸುಪಾಸು. ಆದುದರಿಂದ ನೊರೆಯನ್ನು ಮುಖದಲ್ಲಿ ಒಣಗಲು ಬಿಡದೆ, ಕೊನೆಯಲ್ಲಿ ಧಾರಾಳವಾಗಿ ತೊಳೆಯಬೇಕು. ಹೊಸ ಲೇಪವನ್ನು ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ ತೊಳೆದು ಒಂದೆರಡು ದಿನ ಕಾಯುವುದು ವಿವೇಕ. ನೊರೆಯ ಪರೀಕ್ಷೆ ಇನ್ನೂ ಸುಲಭ: ಬಟ್ಟಲನ್ನು ತಲೆಕೆಳಗು ಮಾಡಿದರೂ ಅದು ಜಾರಬಾರದು, ಐದು ನಿಮಿಷಗಳ ಮೇಲೆ ಅಡಿಯಲ್ಲಿ ನೀರು ನಿಂತಿರಬಾರದು.

ಸಾಬೂನಿಗಿಂತ ಮಿಗಿಲಾದ ಮಾತೊಂದಿದೆ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ ಏಳು ದಿನ ಸೋಂಕಿನ ಶಕ್ತಿಯನ್ನು ಉಳಿಸಿಕೊಳ್ಳಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಅಲಗಿನ ಮೇಲಿದ್ದರೂ ಸಾಕು. ಮನೆಯಲ್ಲಿ ಅಣ್ಣತಮ್ಮಂದಿರು, ವಸತಿಗೃಹದಲ್ಲಿ ಸ್ನೇಹಿತರು ಒಂದೇ ರೇಜರನ್ನು ಹಂಚಿಕೊಳ್ಳುವುದು ಸಲ್ಲದು. ಅಂಗಡಿಯಲ್ಲಿ ಹೊಸ ಅಲಗನ್ನು ಕಣ್ಣೆದುರಿಗೇ ಬಿಚ್ಚಲು ಕೇಳುವುದರಲ್ಲಿ ಸಂಕೋಚ ಬೇಡ. ಪಟಿಕದ ಕಲ್ಲು ಸಣ್ಣ ಗಾಯದ ರಕ್ತವನ್ನು ನಿಲ್ಲಿಸುವುದು ನಿಜ. ಅದು ಅಲಗನ್ನು ಶುದ್ಧಿಮಾಡದು, ಹಲವರ ಮುಖಕ್ಕೆ ಉಜ್ಜಿದ ಕಲ್ಲು ತಾನೇ ಶುದ್ಧವಲ್ಲ.

ಮೊನ್ನೆ ಮತ್ತೆ ಸಿರುಗುಪ್ಪಕ್ಕೆ ಹೋದಾಗ ಆ ಮರದ ಬಟ್ಟಲನ್ನು ಅಂಗಡಿಯವರ ಮುಂದಿಟ್ಟೆವು. ಅವರು ತಮ್ಮ ಕೊಡದ ನೀರಿನಲ್ಲಿ ಕುಂಚವನ್ನು ಅದ್ದಿ, ಒಂದು ನಿಮಿಷ ಮೌನವಾಗಿ ತಿರುವಿ, ಬೆರಳ ತುದಿಯಲ್ಲಿ ನೊರೆಯನ್ನು ತೆಗೆದು ನೋಡಿದರು. ‘ಚಲೋ ಐತಿ ಸಾರ್. ವಾಸನಿ ನಮ್ದಕ್ಕಿಂತ ಭಾಳ ಚಲೋ’ ಎಂದರು. ನೊರೆಯ ವಿಷಯದಲ್ಲಿ ಹೆಚ್ಚೇನೂ ಹೇಳಲಿಲ್ಲ. ಓದುಗರು ತಮ್ಮ ಮನೆಯ ಬಾವಿಯ ನೀರು, ನಲ್ಲಿಯ ನೀರು, ಮಳೆಯ ನೀರುಗಳನ್ನು ಮೂರು ಬಾಟಲಿಗಳಲ್ಲಿ ತುಂಬಿ, ಸಮನಾದ ಸಾಬೂನನ್ನು ಹಾಕಿ ಕುಲುಕಿ ನೋಡಲಿ. ಸಾಬೂನನ್ನು ಆರಿಸುವ ಕೆಲಸ ಅಲ್ಲಿಂದ ಮೊದಲಾಗುವುದು.